ದೂರದಿಂದ ಮಾಡಿದ ಮೋಟಾರು

ನಾಚಾರಂನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತಿನ ಸದ್ದಿಗೆ ಕಿವಿ ಒಗ್ಗಿ ನನಗೆ ಹತ್ತೊಂಬತ್ತು ವರ್ಷವಾಯಿತು. ಭಾನುವಾರ ಮಾತ್ರ ಇಲ್ಲಿನ ರಸ್ತೆಗಳು ಸ್ವಲ್ಪ ಸುಮ್ಮನಾಗುತ್ತವೆ. ಅಂಥ ಏಳೆಂಟು ಭಾನುವಾರ ಖರ್ಚು ಮಾಡಿ ಹೈದರಾಬಾದಿನಲ್ಲಿ ಯಾರಿಗೂ ಬೇಡದ ಒಂದು ವಸ್ತು ಮಾಡಿದೆ. ಕೆಸರಿನಲ್ಲೂ ಓಡುವ ದೋಣಿ ಮೋಟಾರು.

ಹುಚ್ಚು ಹತ್ತಿದ್ದು 2020ರ ಅಕ್ಟೋಬರಿನಲ್ಲಿ. ಆ ತಿಂಗಳ 13ರಂದು ಸುರಿದ ಮಳೆಗೆ ಇಲ್ಲಿನ ಎಷ್ಟೋ ಕೆರೆಗಳು ಉಕ್ಕಿ ಬಡಾವಣೆಗಳ ಗಲ್ಲಿಗಳಲ್ಲಿ ದೋಣಿ ಬಂದವು. ಟಿ.ವಿ.ಯಲ್ಲಿ ನೋಡುತ್ತಿದ್ದೆ. ಮೊಣಕಾಲುದ್ದದ ನೀರು, ರಬ್ಬರ್ ದೋಣಿಯನ್ನು ಜನ ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದರು. ನನ್ನ ಹೆಂಡತಿ 'ಪಾಪ' ಅಂದಳು. ನನಗೆ ಊರಿನಲ್ಲಿರುವ ಬಾವನ ನೆನಪಾಯಿತು.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ದಂಡೆ. ಕರೂರು-ಭಾರಂಗಿ ಹೋಬಳಿಯ ಕಥೆ ನಿಮಗೆ ಗೊತ್ತಿರಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಹಿರೇಭಾಸ್ಕರದ ಹಳೇ ಅಣೆಕಟ್ಟೇ ಮುಳುಗಿತು, ಇನ್ನು ಗದ್ದೆ ತೋಟ ಯಾವ ಲೆಕ್ಕ? ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ಪಕ್ಕದಲ್ಲಿ ನಮ್ಮಜ್ಜಿ ಚಿಮಣಿ ಬುಡ್ಡಿ ಹಚ್ಚಿಕೊಂಡೇ ಮುದುಕಿಯಾದಳು. 1819 ಅಡಿ ಅನ್ನೋ ಸಂಖ್ಯೆ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಅದು ತುಂಬಿದ ಮಟ್ಟ. ಕಷ್ಟ ಇರೋದು ಇಳಿದ ಮಟ್ಟದಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ದಡಕ್ಕೂ ನೀರಿಗೂ ನಡುವೆ ಹೂಳು, ಹೂಳಿನ ನಡುವೆ ಮುಳುಗಿ ಸತ್ತ ಮರಗಳ ಬೊಡ್ಡೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ಆಗ ನಿಲ್ಲಿಸಿಬಿಡುತ್ತಿದ್ದರು. ಬಾವನ ದೋಣಿಗೆ ಗಳ ಮತ್ತು ಹುಟ್ಟೇ ಗತಿ. ಅವರಿಗೆ ಆಗಲೇ ಅರವತ್ತು ದಾಟಿತ್ತು, ಭುಜ ನೋವು ಬೇರೆ.

ಅಂಗಡಿಯಲ್ಲಿ ಸಿಗುವ ಔಟ್‌ಬೋರ್ಡ್ ಮೋಟಾರು ಇಂಥ ಕಡೆ ಆಗಿಬರುವುದಿಲ್ಲ. ಅದರ ಫ್ಯಾನು ದೋಣಿಯ ತಳಕ್ಕಿಂತ ಕೆಳಗೆ ನೆಟ್ಟಗೆ ಇಳಿದಿರುತ್ತದೆ, ಬೊಡ್ಡೆಗೆ ತಾಗಿದರೆ ಹೋಯಿತು. ಇಂಜಿನ್ ತಣಿಸಲು ಹೊರಗಿನ ನೀರನ್ನೇ ಹೀರುತ್ತದೆ, ಕೆಸರು ಹೀರಿದರೆ ಅಲ್ಲಿಗೆ ಮುಗಿಯಿತು. ಥಾಯ್ಲೆಂಡಿನ ಉದ್ದಬಾಲದ ದೋಣಿಗಳ ಉಪಾಯ ಬೇರೆ. ಗಾಳಿಯಿಂದಲೇ ತಣಿಯುವ ಇಂಜಿನ್ ದೋಣಿಯ ಹಿಂಬದಿಯಲ್ಲಿ ಎತ್ತರದಲ್ಲಿ ಕೂತಿರುತ್ತದೆ. ಅದರಿಂದ ಆರೇಳು ಅಡಿ ಉದ್ದದ ಶಾಫ್ಟು ಓರೆಯಾಗಿ ಹಿಂದಕ್ಕೆ ಚಾಚಿ, ತುದಿಯ ಫ್ಯಾನು ನೀರಿನ ಮೇಲ್ಮೈ ಹತ್ತಿರವೇ ತಿರುಗುತ್ತದೆ. ಬೊಡ್ಡೆ ಬಂದರೆ ಹಿಡಿಕೆ ಒತ್ತಿದರಾಯಿತು, ಏತದ ಹಾಗೆ ಬಾಲ ಮೇಲೇಳುತ್ತದೆ. ನಾನು ಚಿತ್ರ ಬರೆದು ತೋರಿಸಿದಾಗ ನಮ್ಮ ಶೆಡ್ಡಿನ ವೆಲ್ಡರ್ ನಕ್ಕುಬಿಟ್ಟ. 'ಮಾ ಕಾಕಿನಾಡಲೋ ಇಲಾಂಟಿವಿ ಚಾಲಾ ಉನ್ನಾಯಿ ಸಾರ್' ಅಂದ. ನಾನು ಕಂಡುಹಿಡಿದೆ ಅಂದುಕೊಂಡಿದ್ದು ಅವನ ಊರಿನಲ್ಲಿ ದಿನಾ ಸಮುದ್ರಕ್ಕೆ ಹೋಗಿಬರುತ್ತಿತ್ತು!

ಕಾಂಕ್ರೀಟ್ ವೈಬ್ರೇಟರಿನಿಂದ ಬಿಚ್ಚಿದ 5 ಎಚ್.ಪಿ. ಪೆಟ್ರೋಲ್ ಇಂಜಿನ್ ಗುಜರಿಯಲ್ಲಿ ಸಿಕ್ಕಿತು. ಬೇರಿಂಗು, ಆಯಿಲ್ ಸೀಲು ರಾಣಿಗಂಜಿನಿಂದ ಬಂದವು. 20 ಮಿಲಿಮೀಟರ್ ಸ್ಟೀಲ್ ಶಾಫ್ಟು, ಅದರ ಮೇಲೆ ದಪ್ಪ ಪೈಪು. ಪೈಪು ಕೂದಲೆಳೆಯಷ್ಟು ಸೊಟ್ಟ ಇದ್ದರೂ ಇಡೀ ದೋಣಿ ನಡುಗುತ್ತದೆ ಅಂತ ಮೂರು ಸಲ ವೆಲ್ಡ್ ಬಿಡಿಸಿದೆ. ಫ್ಯಾನಿನ ಮೇಲೆ ಗಾಳಿ ಎಳೆಯದಂತೆ ಒಂದು ತಗಡು, ಕೆಳಗೆ ಬೊಡ್ಡೆಯ ಪೆಟ್ಟು ತಿನ್ನಲು ಒಂದು ಅಲಗು. ತುದಿಯಲ್ಲಿ ಶಾಫ್ಟು ಕೂರುವ ಬುಷ್ಷನ್ನು ನೈಲಾನಿನಲ್ಲಿ ಕಡೆದೆ. ತುಕ್ಕು ಹಿಡಿಯುವುದಿಲ್ಲ, ಸದ್ದಿಲ್ಲ. ಗ್ಯಾಪು ಬರೀ ನಾಲ್ಕು ಥೌ, ಅಂದರೆ 0.1 ಮಿಲಿಮೀಟರ್. ಇನ್ನೂರು ಲೀಟರಿನ ಡ್ರಮ್ಮಿಗೆ ನೀರು ತುಂಬಿ ಹದಿನೈದು ನಿಮಿಷ ಓಡಿಸಿದೆ. ಶೆಡ್ಡು ತೊಯ್ದು ಹೋಯಿತು, ಎಲ್ಲರೂ ಚಪ್ಪಾಳೆ ಹೊಡೆದರು. 2023ರ ಫೆಬ್ರವರಿಯಲ್ಲಿ ಲಾರಿ ಪಾರ್ಸೆಲ್ಲಿಗೆ ಹಾಕಿದೆ.

ಅಲ್ಲಿಂದ ಮುಂದೆ ವಾರಕ್ಕೊಂದು ಸಲ ಫೋನು. 'ಬಾವ, ಮೋಟಾರು ಹೆಂಗದೆ?' 'ಚೆನ್ನಾಗದೆ ಮಾರಾಯ, ಅಡ್ಡಿಲ್ಲ.' ಅಕ್ಕನನ್ನು ಕೇಳಿದರೂ ಅದೇ. ನಾನು ಇಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಸಿಕ್ಕ ಹಿರಿಯರೊಬ್ಬರು 'ಊರಿನ ಋಣ ತೀರಿಸಿದಿರಿ ಬಿಡಿ' ಅಂದಾಗ ಬೇಡ ಬೇಡ ಅನ್ನುತ್ತಲೇ ಹಿಗ್ಗಿದೆ.

ನಿಜ ಹೇಳಿದ್ದು ಅಕ್ಕನ ಮಗಳು, ಜೂನಿನಲ್ಲಿ, ಬೇರೇನೋ ಮಾತಾಡುತ್ತಾ. 'ಅದು ನಿಂತು ತಿಂಗಳ ಮೇಲಾತು ಮಾವ. ನಿಮಗೆ ಹೇಳಬೇಡ ಅಂದಿದ್ರು.'

ಪರೀಕ್ಷೆ ಮುಗಿಸಿ ಬರುತ್ತಿದ್ದ ಅವಳು, ಅವಳ ಗೆಳತಿ, ಪಕ್ಕದ ಮನೆಯ ಬಾಣಂತಿ ಮತ್ತು ಕೂಸು ದೋಣಿಯಲ್ಲಿದ್ದರಂತೆ. ಸಂಜೆ, ಗಾಳಿ ಎದ್ದಿತ್ತು. ನಡುನೀರಿನಲ್ಲಿ ಶಾಫ್ಟು ಹಿಡಿದುಕೊಂಡು ಇಂಜಿನ್ ಕೆಮ್ಮಿ ನಿಂತಿತು. ಮೋಟಾರು ಬಂದ ಮೇಲೆ ಜಾಗ ಉಳಿಯಲಿ ಅಂತ ಹುಟ್ಟುಗಳನ್ನು ಮನೆಯಲ್ಲೇ ಬಿಟ್ಟಿದ್ದರು. ಕೂರುವ ಹಲಗೆ ಕಿತ್ತು ತುಯ್ದುಕೊಂಡು ದಡ ಮುಟ್ಟಿದಾಗ ರಾತ್ರಿ ಒಂಬತ್ತು.

ಕಾರಣ ನನಗೆ ಫೋನಿನಲ್ಲೇ ಹೊಳೆಯಿತು. ನೈಲಾನು ನೀರು ಕುಡಿದು ಉಬ್ಬುತ್ತದೆ. ಹದಿನೈದು ನಿಮಿಷದ ಡ್ರಮ್ಮಿನಲ್ಲಿ ಅಲ್ಲ, ವಾರಗಟ್ಟಲೆ ನೀರಲ್ಲಿದ್ದಾಗ. ಹೊರಗೆ ಕಬ್ಬಿಣದ ಪೈಪು ಬಿಗಿ ಹಿಡಿದಿದ್ದರಿಂದ ಒಳಕ್ಕೇ ಉಬ್ಬಿ ಶಾಫ್ಟಿನ ಕತ್ತು ಹಿಸುಕಿದೆ. ಇದು ಪುಸ್ತಕದಲ್ಲಿರುವ ಮಾತು, ನನಗೆ ಗೊತ್ತಿದ್ದ ಮಾತೇ. ನಾಚಾರಂನಲ್ಲಿ ನಾನು ಕಡೆಯುವ ನೈಲಾನು ಬುಷ್ಷುಗಳೆಲ್ಲ ಒಣ ಮೆಶೀನಿಗೆ ಹೋಗುವಂಥವು, ಹಾಗಾಗಿ ನೆನಪಾಗಲಿಲ್ಲ.

ಬುಷ್ಷಿನ ತಪ್ಪನ್ನು ಇನ್ನೊಂದು ಬುಷ್ಷಿನಿಂದ ತಿದ್ದಬಹುದು. ನನ್ನನ್ನು ಕಾಡಿದ್ದು ಆ 'ಚೆನ್ನಾಗದೆ'. ನಮ್ಮ ಶೆಡ್ಡಿನಿಂದ ಕೆಟ್ಟ ಮಾಲು ಹೋದರೆ ಮರುದಿನವೇ ಬೈಗುಳ ಬರುತ್ತದೆ, ಆ ಬೈಗುಳದಿಂದಲೇ ನಾನು ಕೆಲಸ ಕಲಿತದ್ದು. ದುಡ್ಡು ಕೊಟ್ಟವನಿಗೆ ಬೈಯುವ ಹಕ್ಕಿದೆ. ಪುಕ್ಕಟೆ ಪಡೆದವನಿಗೆ ಇಲ್ಲವೇ? ಬಾವ ನನ್ನನ್ನು ಮೋಟಾರು ಕೇಳಿರಲಿಲ್ಲ. ಬಂದ ಮೇಲೆ ಬೇಡ ಅನ್ನುವಂತಿರಲಿಲ್ಲ. ಕೆಟ್ಟ ಮೇಲೆ ಕೆಟ್ಟಿತು ಅನ್ನುವಂತೆಯೂ ಇರಲಿಲ್ಲ. ನಾನು ಕೊಟ್ಟಿದ್ದು ಮೋಟಾರು ಒಂದೇ ಅಲ್ಲ, ನನ್ನ ಮನಸ್ಸು ನೋಯಿಸದೆ ಕಾಪಾಡುವ ಕೆಲಸವನ್ನೂ ಅವರ ತಲೆಗೆ ಕಟ್ಟಿದ್ದೆ. ಊರು ಬಿಟ್ಟವರು ಹಬ್ಬಕ್ಕೆ ತರುವ ಮಿಕ್ಸಿ, ಫೋನು, ಬುದ್ಧಿಮಾತು ಎಲ್ಲದರ ಜೊತೆಗೂ ಈ ಕೆಲಸ ಹೋಗುತ್ತದೋ ಏನೋ. ಎಷ್ಟು ಮನೆಯ ಅಟ್ಟದಲ್ಲಿ ಎಷ್ಟು 'ಚೆನ್ನಾಗಿವೆ'ಗಳು ಧೂಳು ಹಿಡಿದಿವೆಯೋ!

ಅಣೆಕಟ್ಟು ಕಟ್ಟಿದವರನ್ನು ನಾವು ಚಿಕ್ಕಂದಿನಿಂದ ಬೈದುಕೊಂಡೇ ಬೆಳೆದವರು. ಎಲ್ಲೋ ಕೂತು ನಕ್ಷೆ ನೋಡಿ ನಮ್ಮ ಒಳ್ಳೆಯದನ್ನು ತೀರ್ಮಾನಿಸಿದರು, ಮುಳುಗಿದ್ದು ಮಾತ್ರ ನಾವು ಅಂತ. ಅದಕ್ಕೂ ಇದಕ್ಕೂ ಹೋಲಿಕೆ ದೊಡ್ಡ ಮಾತಾಯಿತು, ಒಪ್ಪುತ್ತೇನೆ. ಆದರೆ ಯಂತ್ರ ಕೂರಿಸಿದ ಒಳನಾಡು ದೋಣಿಗೆ ತಪಾಸಣೆ, ನೋಂದಣಿ ಬೇಕು ಅಂತ 2021ರ ಕಾಯ್ದೆ ಇದೆ, 1917ರ ಹಳೇ ಕಾಯ್ದೆಯಲ್ಲೂ ಇತ್ತು. ನಾನು ಅದನ್ನು ವಿಚಾರಿಸಲೂ ಇಲ್ಲ. ಒಂದು ಲೈಫ್ ಜಾಕೆಟ್ ಕಳಿಸಬೇಕು ಅಂತಲೂ ಹೊಳೆಯಲಿಲ್ಲ. ಆ ದೋಣಿಯಲ್ಲಿ ನಾನು ಕೂರುವವನಾಗಿದ್ದರೆ ಹೊಳೆಯುತ್ತಿತ್ತು.

ಹಾಗಾದರೆ ದೂರ ಇರುವವರು ಏನೂ ಮಾಡಬಾರದೆ? ನನ್ನ ಹೆಂಡತಿ ಕೇಳಿದ್ದೂ ಅದೇ, ಸಿಟ್ಟಿನಿಂದ. 'ಸುಮ್ಮನೆ ಕೂತಿದ್ರೆ ಭುಜ ನೋವಿಗೆ ಯಾರು ನೋಡ್ತಿದ್ರು?' ಅವಳಿಗೆ ಸರಿಯಾದ ಉತ್ತರ ನನ್ನಲ್ಲಿ ಇಲ್ಲ. ಮಾಡುವುದಾದರೆ, ಮೊದಲು ಎದುರಿನವರಿಗೆ ನನ್ನನ್ನು ಬೈಯುವಷ್ಟು ಸಲಿಗೆ ಉಳಿದಿದೆಯೋ ಇಲ್ಲವೋ ನೋಡಿಕೊಳ್ಳಬೇಕು ಅನ್ನಿಸುತ್ತದೆ. ಅದು ಫೋನಿನಲ್ಲಿ ಬೆಳೆಯುವ ಸಲಿಗೆ ಅಲ್ಲ, ವರ್ಷಕ್ಕೆ ನಾಲ್ಕು ದಿನದ ರಜೆಯಲ್ಲಿ ಬೆಳೆಯುವುದೂ ಕಷ್ಟ.

ಆ ದೀಪಾವಳಿಗೆ ಹೋದೆ. ಚೀಲದಲ್ಲಿ ಗನ್‌ಮೆಟಲ್ಲಿನ ಹೊಸ ಬುಷ್ಷು ಮತ್ತು ನಾಲ್ಕು ಲೈಫ್ ಜಾಕೆಟ್. ದಡಕ್ಕೆ ಇಳಿದರೆ ನಿಂತಿದೆ ಅಂದುಕೊಂಡಿದ್ದ ಮೋಟಾರು ಟಪಟಪ ಅನ್ನುತ್ತಾ ಬರುತ್ತಿದೆ! ಬಾವ ಹಿಡಿಕೆ ಹಿಡಿದಿದ್ದರು, ಪಕ್ಕದಲ್ಲಿ ಎರಡು ಹುಟ್ಟು. ನೈಲಾನು ಕಿತ್ತು ಮರದ ಬುಷ್ಷು ಹಾಕಿದ್ದರು. ಗಟ್ಟಿ ಮರದ ತುಂಡನ್ನು ಹದಿನೈದು ದಿನ ನೀರಿನಲ್ಲಿ ನೆನೆಹಾಕಿ, ಉಬ್ಬುವುದೆಲ್ಲ ಉಬ್ಬಿದ ಮೇಲೆ ಆಚಾರರ ಹತ್ತಿರ ತೂತು ಕೊರೆಸಿದ್ದು. ಹಡಗಿನ ಶಾಫ್ಟಿಗೆ ಒಂದು ಕಾಲದಲ್ಲಿ ಮರದ ಬೇರಿಂಗು ಹಾಕುತ್ತಿದ್ದರು ಅಂತ ನಾನು ಓದಿದ್ದೆ. ಬಾವ ಓದಿರಲಿಲ್ಲ. ದೋಣಿಯ ಹಲಗೆ ನೆನೆದು ಉಬ್ಬುವುದನ್ನು ನಲವತ್ತು ವರ್ಷ ನೋಡಿದ್ದರು, ಅಷ್ಟೆ.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯಿತು. ಸಿಗಂದೂರಿಗೆ ಹೋಗುವವರು ಈಗ ನೀರನ್ನು ಕಾರಿನಲ್ಲೇ ದಾಟುತ್ತಾರೆ. ನಮ್ಮ ಮನೆ ಇರುವ ಹಿನ್ನೀರಿನ ಮೂಲೆಗೆ ಅದು ದೂರ, ಬಾವನ ದೋಣಿ ಇನ್ನೂ ಇದೆ.

ಆ ದೀಪಾವಳಿಯ ರಾತ್ರಿ ಜಗಲಿಯ ಕೆಳಗೆ ಬಕೆಟಿನಲ್ಲಿ ಮೂರು ಮರದ ತುಂಡು ನೆನೆಯುತ್ತಿದ್ದವು. 'ಇಷ್ಟೆಲ್ಲ ಎಂತಕ್ಕೆ ಬಾವ?' ಅಂದೆ. 'ಸವೀತದಲ್ಲ. ಒಂದು ಹೋದ್ರೆ ಇನ್ನೊಂದು.' ನಾನು ಚೀಲದಿಂದ ಗನ್‌ಮೆಟಲ್ಲಿನ ಬುಷ್ಷು ತೆಗೆದುಕೊಟ್ಟೆ. ಅವರು ಕೈಯಲ್ಲಿ ತೂಗಿ ನೋಡಿದರು, ದೀಪಕ್ಕೆ ಹಿಡಿದು ತೂತಿನೊಳಗೆ ನೋಡಿದರು, ಪಂಚೆಯ ತುದಿಯಿಂದ ಒರೆಸಿ ಪಕ್ಕಕ್ಕಿಟ್ಟರು.

'ಚೆನ್ನಾಗದೆ' ಅಂದರು.