ಬಂಧುವಿಗೆ ಗೃಹದಾನ



ದಾನಗಳನ್ನು ಎಣಿಸುವಾಗ ಅನ್ನದಾನ, ಗೋದಾನ, ಭೂದಾನ, ವಿದ್ಯಾದಾನಗಳನ್ನು ನಾವು ಥಟ್ಟನೆ ಹೆಸರಿಸುತ್ತೇವೆ. ಗೃಹದಾನವೂ ಆ ಸಾಲಿಗೆ ಸೇರಿದುದೆಂಬುದು ತಡವಾಗಿ ನೆನಪಾಗುತ್ತದೆ. ಒಡಹುಟ್ಟಿದವರಲ್ಲೊಬ್ಬರು ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಹೊರುತ್ತಿರುವುದನ್ನು ಕಂಡು, ಸ್ಥಿತಿವಂತನಾದ ಸೋದರನು ಮನೆಯೊಂದನ್ನು ಕೊಂಡು ಅವರಿಗೆ ಕೊಡಲು ಮುಂದಾಗುವುದುಂಟು. ಈ ಸಂಕಲ್ಪವು ಮಹತ್ತರವಾದುದು. ಆದರೆ ಇದೇ ಸಂಕಲ್ಪದಿಂದ ಹೊರಟವರು ಕೆಲವೇ ವರ್ಷಗಳಲ್ಲಿ ನ್ಯಾಯಾಲಯದ ಮೆಟ್ಟಿಲನ್ನು ಏರಿದುದನ್ನೂ ನಾವು ಕಂಡಿದ್ದೇವೆ. ಸತ್ಕಾರ್ಯವು ಕಲಹಕ್ಕೆ ಬೀಜವಾಗುವುದೇಕೆ? ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ.

ಬಂಧುವಿಗೆ ಕೊಟ್ಟುದು ದಾನವಾದೀತೆ ಎಂಬ ಶಂಕೆ ಮೊದಲು ಏಳುತ್ತದೆ. ತನ್ನವರು ದುಃಖದಲ್ಲಿ ಬಾಳುತ್ತಿರಲು ಪರರಿಗೆ ಕೊಟ್ಟು ಕೀರ್ತಿ ಪಡೆಯುವವನದು ಧರ್ಮವಲ್ಲ, ಧರ್ಮದ ವೇಷವೆಂದು ಮನುಸ್ಮೃತಿಯ 11ನೆಯ ಅಧ್ಯಾಯವು ಎಚ್ಚರಿಸುತ್ತದೆ. ಆದುದರಿಂದ ಬಂಧುವು ದಾನಕ್ಕೆ ಸತ್ಪಾತ್ರನೇ. ಅದರಂತೆ, ತನ್ನ ಕುಟುಂಬಕ್ಕೆ ಬಾಧೆ ತಟ್ಟದಂತೆ ಕೊಡಬೇಕೆಂದು ಯಾಜ್ಞವಲ್ಕ್ಯರು ಎಲ್ಲೆಯನ್ನೂ ಹಾಕಿದ್ದಾರೆ. ಹೆಂಡತಿ ಮಕ್ಕಳ ತಲೆಯ ಮೇಲೆ ತೀರಿಸಲಾಗದ ಸಾಲವನ್ನು ಹೊರಿಸಿ ಅಣ್ಣನಿಗೆ ಮನೆ ಕೊಡುವುದು ಔದಾರ್ಯವೆನಿಸದು. ಮಡದಿಯೊಡನೆ ಆಲೋಚಿಸದೆ ಈ ಕಾರ್ಯಕ್ಕೆ ಕೈ ಹಾಕಲಾಗದು.

ಬಂಧುಗಳು ಕೊಟ್ಟ ಎರಡು ಮನೆಗಳನ್ನು ನಮ್ಮ ಇತಿಹಾಸ ಪುರಾಣಗಳು ತೋರಿಸುತ್ತವೆ. ಒಂದು, ವಾರಣಾವತದ ಅರಗಿನ ಮನೆ. ಧೃತರಾಷ್ಟ್ರನ ಮಾತಿನಂತೆ ಪಾಂಡವರು ಅಲ್ಲಿಗೆ ಹೋದರು. ದುರ್ಯೋಧನನ ಆಜ್ಞೆಯಿಂದ ಪುರೋಚನನು ಕಟ್ಟಿಸಿದ ಆ ಮನೆ ನೋಡಲು ಚೆಲುವಾಗಿಯೇ ಇದ್ದಿತು. ಒಳಗಿದ್ದುದು ಅರಗು, ತುಪ್ಪ. ವಿದುರನು ಮನೆಯನ್ನು ಕೊಡಲಿಲ್ಲ. ಗುಟ್ಟಾಗಿ ಎಚ್ಚರಿಕೆಯನ್ನಿತ್ತು, ಸುರಂಗ ತೋಡುವವನನ್ನು ಕಳುಹಿದನು. ಮನೆಗೆ ಕಳುಹಿದ ದೊಡ್ಡಪ್ಪನಿಗಿಂತ ಹೊರಬರುವ ದಾರಿಯನ್ನು ಮಾಡಿಸಿದ ಚಿಕ್ಕಪ್ಪನೇ ನಿಜವಾದ ಬಂಧುವಾದನು.

ಇನ್ನೊಂದು, ಭಾಗವತದ ದಶಮಸ್ಕಂಧದ ಕುಚೇಲನ ಮನೆ. ಕುಚೇಲನು ಬಾಯಿಬಿಟ್ಟು ಬೇಡಲಿಲ್ಲ. ಶ್ರೀಕೃಷ್ಣನು ಕೊಡುತ್ತೇನೆಂದು ಸಾರಲೂ ಇಲ್ಲ. ಹಿಡಿ ಅವಲಕ್ಕಿಯನ್ನು ಸ್ವೀಕರಿಸಿ, ಸತ್ಕರಿಸಿ, ಬರಿಗೈಯಲ್ಲೇ ಬೀಳ್ಕೊಟ್ಟನು. ಮನೆಯೆದ್ದುದು ದ್ವಾರಕೆಯ ಬಾಗಿಲಲ್ಲಲ್ಲ, ಕುಚೇಲನ ಸ್ವಂತ ನೆಲೆಯಲ್ಲಿ. ದಾತನ ಕಣ್ಗಾವಲಿನಲ್ಲಿ ಬಾಳಬೇಕಾದ ಹಂಗನ್ನು ಭಗವಂತನು ತನ್ನ ಸಖನಿಗೆ ಹಚ್ಚಲಿಲ್ಲ.

ದಾನವೆಂದರೆ ಸ್ವಸ್ವತ್ವನಿವೃತ್ತಿ ಮತ್ತು ಪರಸ್ವತ್ವಾಪಾದನ. ನನ್ನದೆಂಬುದು ನೀಗಬೇಕು, ಅವರದೆಂಬುದು ನೆಲೆಗೊಳ್ಳಬೇಕು. ಧಾರೆಯ ನೀರು ಬಿದ್ದ ಮೇಲೆ ಅದು ಮರಳಿ ಕೈಗೆ ಬಾರದು. ರಾಜಶಾಸನವೂ ಇದನ್ನೇ ಬಯಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಸ್ಥಿರಾಸ್ತಿಯ ದಾನಪತ್ರಕ್ಕೆ ದಾತನ ರುಜುವಿರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಅದು ನೋಂದಣಿಯಾಗಬೇಕು. ದಾತನು ಬದುಕಿರುವಾಗಲೇ ಪಡೆಯುವವನು ಅದನ್ನು ಅಂಗೀಕರಿಸಬೇಕು. ಬಾಯಿಮಾತಿನಲ್ಲಿ ಕೊಟ್ಟ ಮನೆಯು ಮುಂದಿನ ತಲೆಮಾರಿನ ಜಗಳಕ್ಕೆ ಬಿಟ್ಟ ಆಸ್ತಿ. 1988ರಲ್ಲಿ ಬಂದು 2016ರಲ್ಲಿ ಬಿಗಿಯಾದ ಬೇನಾಮಿ ಕಾಯಿದೆಯು, ಒಬ್ಬರು ಹಣ ತೆತ್ತು ಇನ್ನೊಬ್ಬರ ಹೆಸರಿನಲ್ಲಿ ಕೊಂಡಾಗ, ಈ ಸ್ವತ್ತು ಯಾರ ಪ್ರಯೋಜನಕ್ಕಾಗಿ ಎಂದು ಕೇಳುತ್ತದೆ. ಹಣ ತೆತ್ತವನ ಪ್ರಯೋಜನಕ್ಕೇ ಆದರೆ, ಕೆಲವು ನಿರ್ದಿಷ್ಟ ವಿನಾಯಿತಿಗಳನ್ನುಳಿದು, ಅದು ಅಪರಾಧ. ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕ ರಾಜಸ ದಾನಗಳನ್ನು ಬೇರ್ಪಡಿಸುವಾಗ ಪರೀಕ್ಷಿಸುವುದೂ ಇದನ್ನೇ. ಪ್ರತ್ಯುಪಕಾರದ ಅಪೇಕ್ಷೆಯಿಲ್ಲದೆ ಕರ್ತವ್ಯವೆಂದು ಕೊಟ್ಟುದು ಸಾತ್ತ್ವಿಕ. ಫಲವನ್ನು ಬಯಸಿ ಮನಸ್ಸಿನಲ್ಲಿ ನೊಂದು ಕೊಟ್ಟುದು ರಾಜಸ.

ಪೂರ್ಣವಾಗಿ ಬಿಟ್ಟುಕೊಡುವ ಶಕ್ತಿ ಎಲ್ಲರಿಗೂ ಇರದು. ಅದು ದೋಷವಲ್ಲ. ಮನೆ ನನ್ನ ಹೆಸರಿನಲ್ಲಿರಲಿ, ನೀವು ಬದುಕಿರುವವರೆಗೆ ಇಲ್ಲಿ ವಾಸಿಸಿರಿ ಎಂದು ಸ್ಪಷ್ಟವಾಗಿ ಹೇಳಿ, ಬರೆದುಕೊಡಬಹುದು. ಸಾಲವಾದರೆ ಸಾಲವೆನ್ನಬಹುದು. ದಾನವೆಂದು ಹೇಳಿ ಮನಸ್ಸಿನಲ್ಲಿ ಸಾಲವೆಂದು ಬರೆದಿಟ್ಟುಕೊಳ್ಳುವುದೇ ಅರಗಿನ ಗೋಡೆ. ಅದಕ್ಕೆ ಬೆಂಕಿ ತಾಗುವುದು ಎಂದೋ ಒಂದು ದಿನ, ಆಡಿಬಿಟ್ಟ ಒಂದು ಮಾತಿನಿಂದ.

ಗೃಹಪ್ರವೇಶದ ಸಂಕಲ್ಪದಲ್ಲಿ ನಾವು ಯಜಮಾನನ ಗೋತ್ರನಾಮಗಳನ್ನು ಕೇಳುತ್ತೇವೆ. ಆಗ ಅಲ್ಲಿ ವಾಸಿಸಬೇಕಾದ ಅಣ್ಣನು ಹಣ ತೆತ್ತ ತಮ್ಮನ ಮುಖ ನೋಡಿ ಹಿಂದೆ ಸರಿಯುವುದುಂಟು. ತಮ್ಮನು ಅಣ್ಣ ಅತ್ತಿಗೆಯರನ್ನೇ ಮಣೆಯ ಮೇಲೆ ಕೂರಿಸಿ, ತಾನು ಸಮಿತ್ತನ್ನು ತಂದುಕೊಡುತ್ತ ನಿಂತರೆ ದಾನವು ಅಲ್ಲಿಗೆ ಪೂರ್ಣವಾಯಿತು. ಮುಂದೆ ಆ ಮನೆಗೆ ಹೋದಾಗ ಅತಿಥಿಯಂತೆ ಹೋಗಬೇಕು. ಗೋಡೆಯ ಬಣ್ಣವನ್ನು ಕುರಿತು ಮಾತು ಬೇಡ. ಪಡೆದವನಿಗೂ ಧರ್ಮವುಂಟು. ಉಪಕಾರವನ್ನು ಮರೆಯಬಾರದು, ಹಂಗಿನಿಂದ ಕುಗ್ಗಲೂಬಾರದು. ಸಂಪತ್ತು ಬಂದ ಮೇಲೆಯೂ ಕುಚೇಲನು ಅದರಲ್ಲಿ ಆಸಕ್ತನಾಗದೆ ಹರಿಯನ್ನೇ ನೆನೆಯುತ್ತಿದ್ದನು.

ಕೊಡುವವನೂ ಪಡೆಯುವವನೂ ಅಸ್ವತಂತ್ರರು. ಸ್ವತಂತ್ರನಾದ ಶ್ರೀಹರಿಯೇ ಒಬ್ಬನ ಕೈಯಿಂದ ಕೊಡಿಸಿ, ಇನ್ನೊಬ್ಬನ ಕೈಯಲ್ಲಿ ಇರಿಸುತ್ತಾನೆ. ಈ ಅನುಸಂಧಾನವಿದ್ದಲ್ಲಿ ಕೊಟ್ಟೆನೆಂಬ ಗರ್ವವಾಗಲಿ, ಪಡೆದೆನೆಂಬ ಲಜ್ಜೆಯಾಗಲಿ ನಿಲ್ಲದು. ಅಂತಹ ಮನೆಯಲ್ಲಿ ದೀಪ ಹಚ್ಚಿದವರೂ ಹಚ್ಚಿಸಿದವರೂ ಸಮಾನವಾಗಿ ಧನ್ಯರು.

ಶ್ರೀಕೃಷ್ಣಾರ್ಪಣಮಸ್ತು.