ಮಣ್ಣು ತಾಗದ ಕೈ ನಿರ್ದೋಷವೇ?

ಆದಿತೀರ್ಥಂಕರ ವೃಷಭದೇವರು ಪ್ರಜೆಗಳ ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂಬುದು ನಮ್ಮ ಪರಂಪರೆ. ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದವರು ಅವರೇ. ಆ ಚರಿತೆಯನ್ನು ಕನ್ನಡದಲ್ಲಿ ಹಾಡಿದ ಪಂಪನ ಹೆಸರಿನೊಡನೆ ನಮ್ಮ ಅಣ್ಣಿಗೇರಿ ಬೆಸೆದುಕೊಂಡಿದೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆದ್ದರಿಂದ ಅಕ್ಷರ ಮತ್ತು ಅಂಕಗಳನ್ನೇ ಆಧರಿಸಿದ ಗಣಕವಿಜ್ಞಾನವು ನಮ್ಮ ಮಕ್ಕಳಿಗೆ ಪರಕೀಯವಾದ ವಿದ್ಯೆಯಲ್ಲ.

ಧಾರವಾಡದಲ್ಲಿ 1979ರಲ್ಲಿ ಎಸ್.ಡಿ.ಎಂ. ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ನವಲಗುಂದ, ಕುಂದಗೋಳ, ಕಲಘಟಗಿಗಳ ಒಕ್ಕಲು ಮನೆತನಗಳ ಮಕ್ಕಳಿಗೂ ಈ ವಿದ್ಯೆ ಸಮೀಪವಾಯಿತು. ಇದರೊಡನೆ ನಮ್ಮಲ್ಲಿ ಒಂದು ಭಾವನೆಯೂ ಬೆಳೆದಿದೆ. ಎರೆಹೊಲದಲ್ಲಿ ಕುಂಟೆ ಹೊಡೆದರೆ ಜೀವಹಾನಿ, ಹತ್ತಿಗೆ ಔಷಧಿ ಸಿಂಪಡಿಸಿದರೆ ಜೀವಹಾನಿ. ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸದಲ್ಲಿ ಹಿಂಸೆಯೇ ಇಲ್ಲ ಎಂಬುದೇ ಆ ಭಾವನೆ. ಇದು ಪರಿಶೀಲನೆಗೆ ಅರ್ಹವಾಗಿದೆ.

ಕೃತ, ಕಾರಿತ, ಅನುಮೋದಿತ ಎಂದು ಜೈನಧರ್ಮವು ಕರ್ಮವನ್ನು ಮೂರು ಬಗೆಯಾಗಿ ನೋಡುತ್ತದೆ. ತಾನು ಮಾಡಿದ್ದಕ್ಕಷ್ಟೇ ಅಲ್ಲ, ಮಾಡಿಸಿದ್ದಕ್ಕೂ ಒಪ್ಪಿದ್ದಕ್ಕೂ ಮನುಷ್ಯನು ಹೊಣೆ. ತಂತ್ರಾಂಶವೆಂದರೆ ಯಂತ್ರಕ್ಕೆ ಕೊಟ್ಟ ಆಜ್ಞೆ. ಅದನ್ನು ಬರೆದವನು ನಿದ್ರಿಸುವಾಗಲೂ ಅದು ನಡೆಯುತ್ತಿರುತ್ತದೆ. ಒಕ್ಕಲಿಗನಿಗೆ ತನ್ನ ಕೆಲಸದ ಹಿಂಸೆ ಕಣ್ಣೆದುರಿಗೆ ಕಾಣುವುದರಿಂದ ಅದು ಉದ್ಯೋಗಿ ಹಿಂಸೆಯೆಂದು ಅವನು ಅರಿತಿರುತ್ತಾನೆ. ಗಣಕತಜ್ಞನಿಗೆ ಅದು ಕಾಣುವುದೇ ಇಲ್ಲ.

ಎರಡು ನಿದರ್ಶನಗಳನ್ನು ನೋಡೋಣ. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಕೈಬರಹದ ಉತಾರಕ್ಕಾಗಿ ಅಲೆಯುತ್ತಿದ್ದ ರೈತನಿಗೆ ಅದು ತಾಲೂಕು ಕೇಂದ್ರದಲ್ಲಿಯೇ ದೊರೆಯುವಂತಾಯಿತು. ಇದು ವಿದ್ಯೆಯಿಂದಾದ ಪರೋಪಕಾರ. ಆದರೆ ಅದೇ ಉತಾರದಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಬಡರೈತನ ಬೆಳೆಸಾಲ ನಿಲ್ಲಬಹುದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಇರಿಸಿರುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಇನ್ನೊಂದು, ಮೊಬೈಲಿನಲ್ಲಿ ಹಣ ಪಣಕ್ಕಿಡುವ ಆಟ. ಸಪ್ತವ್ಯಸನಗಳಲ್ಲಿ ಮೊದಲನೆಯದು ಜೂಜು. 2025ರಲ್ಲಿ ಸಂಸತ್ತು ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಕಾಯ್ದೆ ಬರುವ ಮೊದಲೇ ಶ್ರಾವಕನಿಗೆ ವ್ರತವಿತ್ತು. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ‘ಹಿಂಸಾದಾನ’ವನ್ನು ಎಣಿಸಿ, ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕೋಲೆ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದು ದೋಷವೆಂದಿದ್ದಾರೆ. ಯುವಕರನ್ನು ಸಾಲಕ್ಕೆ ಕೆಡಹುವ ಆಟವನ್ನು ಹೆಣೆದುಕೊಡುವುದು ಸಂಕೋಲೆಯನ್ನು ಒದಗಿಸಿದಂತಲ್ಲವೇ?

“ನೌಕರನಿಗೆ ಆಯ್ಕೆ ಎಲ್ಲಿದೆ? ಶಿಕ್ಷಣಸಾಲವಿದೆ, ಮನೆಯಲ್ಲಿ ವೃದ್ಧ ತಂದೆತಾಯಿಯರಿದ್ದಾರೆ” ಎಂದು ಕೇಳುವವರುಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗೃಹಸ್ಥನಿಗೆ ವಿಧಿಸಿರುವುದು ಅಣುವ್ರತವೇ ಹೊರತು ಮಹಾವ್ರತವಲ್ಲ. ಎಲ್ಲ ದೋಷಗಳಿಂದಲೂ ಮುಕ್ತವಾದ ವೃತ್ತಿಯನ್ನು ಧರ್ಮವು ಅವನಿಂದ ಅಪೇಕ್ಷಿಸುವುದಿಲ್ಲ. ಆದರೆ ತನ್ನ ಬರಹವು ಯಾರ ಬದುಕಿನಲ್ಲಿ ಏನು ಮಾಡುತ್ತದೆಂದು ವಿಚಾರಿಸುವುದು, ಶಕ್ತ್ಯನುಸಾರ ತಪ್ಪನ್ನು ತಿದ್ದುವುದು, ಸಂಕಲ್ಪಪೂರ್ವಕವಾದ ಕೇಡಿನಿಂದ ದೂರವಿರುವುದು, ಇಷ್ಟು ಅಣುವ್ರತಿಗೂ ಸಾಧ್ಯ.

ಇಲ್ಲಿ ಸಮಾಜದ ಕರ್ತವ್ಯವೂ ಇದೆ. ನಮ್ಮ ಬಸದಿಗಳ ಟ್ರಸ್ಟುಗಳು ಅಂಕಗಳನ್ನು ನೋಡಿ ವಿದ್ಯಾರ್ಥಿವೇತನ ನೀಡುತ್ತವೆ. ದೊಡ್ಡ ಸಂಬಳ ಪಡೆದವರನ್ನು ಸನ್ಮಾನಿಸುತ್ತವೆ. ಆತ್ಮಸಾಕ್ಷಿಗೆ ಒಪ್ಪದ ನೌಕರಿಯನ್ನು ಬಿಟ್ಟು ಬಂದ ಯುವಕನಿಗಾಗಲಿ ಯುವತಿಗಾಗಲಿ ಇನ್ನೊಂದು ಕೆಲಸ ದೊರೆಯುವವರೆಗೆ ಸಾಲದ ಕಂತಿಗೆ ನೆರವಾಗುವ ಒಂದು ಚಿಕ್ಕ ನಿಧಿಯನ್ನೂ ಅವು ಏಕೆ ಇಡಬಾರದು? ವ್ರತವನ್ನು ಬೋಧಿಸುವ ಸಮಾಜವು ಅದನ್ನು ಪಾಲಿಸುವವರ ಕಷ್ಟದಲ್ಲಿಯೂ ಪಾಲುಗೊಳ್ಳಬೇಕು. ಈ ವಿಷಯವನ್ನು ವಿಶ್ವಸ್ತರು ತಮ್ಮ ಮುಂದಿನ ಸಭೆಯಲ್ಲಿ ಚರ್ಚಿಸುವರೆಂದು ಆಶಿಸುತ್ತೇನೆ.