ಯಾರ ಪಾಪ ಎಂದು ಕೇಳುವ ಮುನ್ನ

"ಸಿಸ್ಟರ್, ನಾನೇನು ಪಾಪ ಮಾಡಿದ್ದೆ?"

ನವಜಾತ ಶಿಶುಗಳ ಘಟಕದಲ್ಲಿ ನರ್ಸ್ ಆಗಿರುವ ನನ್ನನ್ನು ಬಾಣಂತಿಯರು ಹೀಗೆ ಕೇಳುತ್ತಲೇ ಇರುತ್ತಾರೆ. ದಿನ ತುಂಬದೆ ಹುಟ್ಟಿದ ಮಗು ಉಸಿರಾಟದ ಕಷ್ಟ ದಾಟಿ ಚೇತರಿಸಿಕೊಳ್ಳುತ್ತಿದೆ ಎನ್ನುವಾಗ, ಎರಡನೆಯದೋ ಮೂರನೆಯದೋ ವಾರದಲ್ಲಿ, ಕರುಳಿನ ಉರಿಯೂತ ಬರುತ್ತದೆ. ನಾವು ಎನ್‌ಇಸಿ ಎನ್ನುತ್ತೇವೆ. ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ಹಾಲು ಹಾಕುವ ಕೊಳವೆಯಲ್ಲಿ ಹಸಿರು ಪಿತ್ತ, ಮಲದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೇ ಗಾಳಿ. ಹಾಲು ನಿಲ್ಲಿಸಿ ಆಂಟಿಬಯೋಟಿಕ್ ಕೊಡುತ್ತೇವೆ. ಕರುಳು ತೂತಾದರೆ ಆಪರೇಷನ್. ಒಂದೂವರೆ ಕಿಲೋ ಕೂಡ ತೂಗದ ಮಕ್ಕಳಿಗೇ ಅಪಾಯ ಹೆಚ್ಚು, ಎಷ್ಟೋ ಮಕ್ಕಳು ಉಳಿಯುವುದಿಲ್ಲ.

ಬಲಿಯದ ಕರುಳು, ಅಲ್ಲಿ ಸೇರಿದ ಬ್ಯಾಕ್ಟೀರಿಯಾ, ಅದರ ವಿರುದ್ಧ ಮೈ ಅತಿಯಾಗಿ ಕೆರಳುವುದು: ಕಾರಣ ಇಷ್ಟು ಗೊತ್ತು. ಪಕ್ಕದ ವಾರ್ಮರಿನ ಮಗುವನ್ನು ಬಿಟ್ಟು ಇದಕ್ಕೇ ಏಕೆ ಬಂತು ಎಂದರೆ ಡಾಕ್ಟರರೂ ಸುಮ್ಮನಾಗುತ್ತಾರೆ. ಆಗ ನೆಂಟರು ಪೂರ್ವಜನ್ಮದ ಮಾತು ತೆಗೆಯುತ್ತಾರೆ.

ನಾನು ಕರ್ಮವನ್ನು ನಂಬುವವಳು. ಅದಕ್ಕೇ ಆ ಮಾತು ನನಗೆ ಸಹಿಸಲಾಗದು. ಮಹಾಭಾರತದ ಅನುಶಾಸನ ಪರ್ವದ ಆರಂಭದಲ್ಲಿ ಭೀಷ್ಮ ಧರ್ಮರಾಯನಿಗೆ ಗೌತಮಿಯ ಕಥೆ ಹೇಳುತ್ತಾನೆ. ಅವಳ ಮಗ ಹಾವು ಕಚ್ಚಿ ಸತ್ತಿದ್ದಾನೆ. ಬೇಡನೊಬ್ಬ ಹಾವನ್ನು ಕಟ್ಟಿ ತಂದು, ಹೇಗೆ ಕೊಲ್ಲಲಿ ಎಂದು ಕೇಳುತ್ತಾನೆ. ಹಾವು ಮೃತ್ಯುವಿನ ಕಡೆ ಬೆರಳು ಮಾಡುತ್ತದೆ, ಮೃತ್ಯು ಕಾಲನ ಕಡೆ. ಕಾಲನು ಬಂದು, ಹುಡುಗನ ಕರ್ಮವೇ ಅವನನ್ನು ಕೊಂದಿತು ಎನ್ನುತ್ತಾನೆ. ಗೌತಮಿ ಒಪ್ಪುತ್ತಾಳೆ, ತನ್ನ ಕರ್ಮವೂ ಇತ್ತು ಎನ್ನುತ್ತಾಳೆ. ಆದರೆ ಹಾವನ್ನು ಬಿಟ್ಟುಬಿಡು ಎಂದು ಅವಳು ಹೇಳಿದ್ದು ಈ ವಾದವೆಲ್ಲ ಶುರುವಾಗುವ ಮೊದಲೇ. ಕರುಣೆಗೆ ಅವಳು ಕಾರಣಕ್ಕಾಗಿ ಕಾಯಲಿಲ್ಲ.

ಇನ್ನೊಂದು ಸಂಗತಿಯೂ ಅಷ್ಟೇ ಮುಖ್ಯ. ಅಲ್ಲಿ ಮಗ ಸತ್ತಾಗಿತ್ತು, ತನ್ನ ಕರ್ಮವೆಂದು ಹೇಳಿಕೊಂಡವಳು ಹೆತ್ತವಳೇ. ಮಗು ಇನ್ನೂ ಉಸಿರಾಡುತ್ತಿರುವಾಗ, ಹೊಲಿಗೆ ಒಣಗದ ತಾಯಿಗೆ ಅದೇ ಮಾತನ್ನು ಅತ್ತೆಯೋ ಓರಗಿತ್ತಿಯೋ ಹೇಳುವುದು ಧರ್ಮವಲ್ಲ, ಹಿಂಸೆ. ಎದೆಗುಂದಿದ ತಾಯಿಗೆ ಹಾಲೂ ಸರಿಯಾಗಿ ಇಳಿಯದು. ಅವಳ ಮಗುವಿಗೆ ಇರುವ ದೊಡ್ಡ ರಕ್ಷೆಯೇ ಆ ಹಾಲು. ಡಬ್ಬಿ ಹಾಲನ್ನಷ್ಟೇ ಕುಡಿದ ಅವಧಿಪೂರ್ವ ಮಕ್ಕಳಲ್ಲಿ ಈ ರೋಗ, ಎದೆಹಾಲನ್ನಷ್ಟೇ ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಎಂದು ಇಂಗ್ಲೆಂಡಿನ ಲೂಕಸ್ ಮತ್ತು ಕೋಲ್ 1990ರಲ್ಲೇ ತೋರಿಸಿದರು. ಹಾಗೆಂದು, ಹಾಲು ಬಾರದ ತಾಯಿಯ ತಲೆಗೆ ಹೊಸ ಪಾಪ ಕಟ್ಟಬೇಡಿ; ಎದೆಹಾಲು ಕುಡಿದ ಮಗುವಿಗೂ ಕೆಲವೊಮ್ಮೆ ಇದು ಬರುತ್ತದೆ. ಹಾಲು ಸಾಲದವರಿಗಾಗಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಎದೆಹಾಲಿನ ಬ್ಯಾಂಕ್ ತೆರೆದರು. ಈಗ ಬೆಂಗಳೂರಿನಲ್ಲೂ ಅಂಥ ಬ್ಯಾಂಕುಗಳಿವೆ. ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುತ್ತಾರೆ. ಯಾರ ಹಾಲೋ, ಯಾವ ಜಾತಿಯೋ ಎಂದು ಮಗುವಿನ ಕರುಳು ಕೇಳುವುದಿಲ್ಲ.

ನಿಮ್ಮ ಮನೆಯಲ್ಲಿ ದಿನ ತುಂಬದ ಮಗು ಹುಟ್ಟಿದರೆ ಗಿಣ್ಣುಹಾಲನ್ನು ಚೆಲ್ಲಬೇಡಿ, ಜೇನು ನೆಕ್ಕಿಸಬೇಡಿ. ತಾಯಿ ಮೊದಲ ದಿನದಿಂದಲೇ ಹಾಲು ಹಿಂಡಿ ಕೊಡಲಿ, ಅವಳಿಗೆ ಬಿಸಿ ಊಟ, ನಿದ್ದೆ ಸಿಗಲಿ. ಪಾಪದ ಮಾತನ್ನು ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ.